ಭೇಟಿಯ ಉದ್ದೇಶ

ಚೆನ್ನೈನ ಪ್ಯಾರೀಸ್ ಕಾರ್ನರಿನ ಆ ಕಟ್ಟಡದಲ್ಲಿ ಕೆಳಗೆ ಮದುವೆ ಪತ್ರಿಕೆಗಳ ಸಗಟು ಅಂಗಡಿ, ಎರಡನೇ ಮಹಡಿಯಲ್ಲಿ ರಘುರಾಮ ಅವರ ಟ್ರಾವೆಲ್ ಆಫೀಸು. ಶಿವರಂಜನಿ ಅಲ್ಲಿ ಹನ್ನೊಂದು ವರ್ಷದಿಂದ ವೀಸಾ ಅರ್ಜಿಗಳನ್ನು ತುಂಬುತ್ತಿದ್ದಳು. ಅವಳು ತುಂಬಿದ ಅರ್ಜಿ ವಾಪಸು ಬರುವುದು ಅಪರೂಪ. ಯಾವ ದೇಶದವರು ಫೋಟೋದಲ್ಲಿ ಕಿವಿ ಕಾಣಬೇಕೆನ್ನುತ್ತಾರೆ, ಯಾರು ಹಳೆಯ ಪಾಸ್‌ಪೋರ್ಟು ಕೇಳುತ್ತಾರೆ, ಯಾವ ಪ್ರಶ್ನೆಗೆ ಒಂದೇ ಪದದಲ್ಲಿ ಉತ್ತರಿಸಿ ಸುಮ್ಮನಾಗಬೇಕು, ಎಲ್ಲವೂ ಅವಳಿಗೆ ಬಾಯಿಪಾಠ. ಗಿರಾಕಿಗಳು ಅವಳದು ಕೈಗುಣ ಎನ್ನುತ್ತಿದ್ದರು. ಅದನ್ನು ಕೇಳಿ ಅವಳು ನಕ್ಕುಬಿಡುತ್ತಿದ್ದರೂ ಒಳಗೊಳಗೆ ನಂಬಿದ್ದಳು.

ರುದ್ರಮುನಿ ಅವರು ಮೊದಲ ಸಲ ಬಂದದ್ದು ಅಕ್ಟೋಬರ್ ತಿಂಗಳಲ್ಲಿ. ಅರವತ್ತಾರು ವರ್ಷ, ಹಣೆಯ ಮೇಲೆ ತೆಳುವಾಗಿ ವಿಭೂತಿ, ಇಸ್ತ್ರಿ ಹಾಕಿದ ಅರ್ಧ ತೋಳಿನ ಅಂಗಿ. ಕೌಂಟರಿನ ಹುಡುಗಿಯ ಹತ್ತಿರ ತಮಿಳಿನಲ್ಲಿ ಮಾತಾಡುತ್ತಿದ್ದವರು ಶಿವರಂಜನಿ ಫೋನಿನಲ್ಲಿ ಗಂಡನ ಜೊತೆ ಕನ್ನಡದಲ್ಲಿ ಮಾತಾಡುವುದನ್ನು ಕೇಳಿ ನೆಟ್ಟಗೆ ಅವಳ ಮೇಜಿಗೆ ಬಂದು ಕೂತರು. ಅವರ ತಂದೆ ದಾವಣಗೆರೆ ಕಡೆಯಿಂದ ಮದ್ರಾಸಿಗೆ ಬಂದು ಹತ್ತಿಬಟ್ಟೆಯ ವ್ಯಾಪಾರ ಮಾಡಿದವರು. ಮಗನಿಗೆ ವ್ಯಾಪಾರ ಒಗ್ಗಲಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ, ದೊಡ್ಡದೊಂದು ಸರ್ಕಾರಿ ಆಸ್ಪತ್ರೆಯ ಪ್ಲಾಸ್ಟರ್ ಕೋಣೆಗೆ ಸಹಾಯಕನಾಗಿ ಸೇರಿ, ಮೂವತ್ತೆಂಟು ವರ್ಷ ಮುರಿದ ಕೈಕಾಲುಗಳಿಗೆ ಕಟ್ಟು ಹಾಕಿ ನಿವೃತ್ತರಾದರು. ತಮಿಳಿನಲ್ಲಿ ಈ ಕಟ್ಟಿಗೆ ‘ಮಾವುಕಟ್ಟು’, ಅಂದರೆ ಹಿಟ್ಟಿನ ಕಟ್ಟು, ಎನ್ನುತ್ತಾರೆ. ಚೆನ್ನೈ ಅಂಚಿನ ಪಲ್ಲಾವರಂನಲ್ಲಿ ಅವರ ಬೀದಿಯ ಮಕ್ಕಳಿಗೆಲ್ಲ ಅವರು ಮಾವುಕಟ್ಟು ತಾತ.

ಅವರ ನಿಜವಾದ ಕಸುಬುಗಾರಿಕೆ ಇದ್ದದ್ದು ಹುಟ್ಟುತ್ತಲೇ ಪಾದ ಒಳಕ್ಕೆ ತಿರುಚಿಕೊಂಡಿರುವ ಮಕ್ಕಳಲ್ಲಿ. ಅಂಥ ಪಾದವನ್ನು ಕೊಯ್ಯಬೇಕಾಗಿಲ್ಲ. ಮೆತ್ತಗೆ ಸ್ವಲ್ಪವೇ ಹೊರಳಿಸಿ ಪ್ಲಾಸ್ಟರ್ ಹಾಕಬೇಕು, ವಾರ ಬಿಟ್ಟು ಬಿಚ್ಚಿ ಇನ್ನಷ್ಟು ಹೊರಳಿಸಿ ಮತ್ತೆ ಹಾಕಬೇಕು. ಆರೇಳು ವಾರದಲ್ಲಿ ಪಾದ ನೆಲಕ್ಕೆ ಬರುತ್ತದೆ. ಎಷ್ಟು ಒತ್ತಬೇಕು, ಎಲ್ಲಿ ಒತ್ತಬಾರದು ಎಂಬುದು ಪುಸ್ತಕದಲ್ಲಿ ಓದಿದರೆ ಬರುವುದಿಲ್ಲ, ಹೆಬ್ಬೆರಳಿಗೆ ಗೊತ್ತಾಗಬೇಕು. ಎಂಟು ವರ್ಷದ ಹಿಂದೆ ಅದರದೇ ತರಬೇತಿಗೆಂದು ಹೊರದೇಶದ ಕೆಲವು ವೈದ್ಯರು ಚೆನ್ನೈಗೆ ಬಂದಿದ್ದರು. ಉಳಿದವರು ಉಪನ್ಯಾಸ ಕೇಳಿ ಹೋದರು. ಚೀನಾದಿಂದ ಬಂದಿದ್ದ ಡಾಕ್ಟರ್ ವೆನ್ ಎಂಬ ಹೆಂಗಸು ಮಾತ್ರ ಎರಡು ವಾರ ಪೂರ್ತಿ ಪ್ಲಾಸ್ಟರ್ ಕೋಣೆಯಲ್ಲಿ ರುದ್ರಮುನಿಯವರ ಪಕ್ಕ ನಿಂತಿದ್ದರು. ಇಬ್ಬರಿಗೂ ಬರುವ ಭಾಷೆ ಒಂದೂ ಇರಲಿಲ್ಲ. ಇವರ ಕೈಯ ಮೇಲೆ ಅವರು ಕೈಯಿಟ್ಟು ಕಲಿತರು.

ಈಗ ಆ ವೆನ್ ಗುಯಿಝೌ ಪ್ರಾಂತ್ಯದ ಗುಡ್ಡಗಾಡಿನ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿದ್ದರು. ಅವರ ಹತ್ತಿರ ಇಂಥ ಆರು ಮಕ್ಕಳಿದ್ದವು, ಎಲ್ಲ ಬಡವರ ಮನೆಯವು. ತನ್ನ ಕೈ ಇನ್ನೂ ಪಳಗಿಲ್ಲ, ದಾದಿಯರಿಗೂ ಕಲಿಸಬೇಕು, ಮೂರು ವಾರ ಬಂದು ಹೋಗಿ ಎಂದು ಅವರು ಬರೆದಿದ್ದರು. ಅವರೂ ಅವರ ನಾಲ್ಕು ಮಂದಿ ಸ್ನೇಹಿತರೂ ಸೇರಿ ಟಿಕೆಟ್ಟಿಗೆ ವ್ಯವಸ್ಥೆ ಮಾಡಿದ್ದರು. ರುದ್ರಮುನಿಯವರು ಕೂಲಿ ಏನೂ ಬೇಡವೆಂದು ಉತ್ತರ ಬರೆಸಿದ್ದರು. ಪತ್ರದ ಜೊತೆ ಆರು ಫೋಟೋ ಇದ್ದವು. ಮುಖಗಳಿಲ್ಲ, ಬರೀ ಪಾದಗಳು.

ಇದೊಂದು ಸುಲಭದ ಕೆಲಸವೆಂದೇ ಶಿವರಂಜನಿ ಎಣಿಸಿದಳು. ಹಣಕ್ಕಲ್ಲದೆ ಕಲಿಸಲು ಕಲಿಯಲು ಹೋಗುವವರಿಗೆ ಬೇರೆಯೇ ಒಂದು ವೀಸಾ ಇದೆ, ಆಹ್ವಾನಪತ್ರ ಇಟ್ಟರೆ ಸಾಕು ಎಂದು ಧೈರ್ಯ ಹೇಳಿ ಕಳಿಸಿದಳು.

ಮೊದಲ ಅರ್ಜಿ ಹೆಸರಿನ ಕಾರಣಕ್ಕೆ ವಾಪಸು ಬಂತು. ಪಾಸ್‌ಪೋರ್ಟಿನಲ್ಲಿ ಅವರು ರುದ್ರಮುನಿ ಮಹಾಲಿಂಗಪ್ಪ. ಆಸ್ಪತ್ರೆಯ ಸೇವಾ ಪತ್ರದಲ್ಲಿ ಎಂ. ರುದ್ರಮುನಿ. ವೆನ್ ಕಳಿಸಿದ ಆಹ್ವಾನದಲ್ಲಿ ರುದ್ರ ಒಂದು ಕಡೆ, ಮುನಿ ಇನ್ನೊಂದು ಕಡೆ. ಮೂವರೂ ಒಬ್ಬರೇ ಎಂದು ನೋಟರಿಯಿಂದ ಬರೆಸಿಕೊಟ್ಟರೂ ಆಗಲಿಲ್ಲ, ಆಹ್ವಾನವೇ ಹೊಸದಾಗಿ ಬರಬೇಕೆಂದರು. ಅಲ್ಲಿ ಆಹ್ವಾನವೆಂದರೆ ಬರೀ ಪತ್ರವಲ್ಲ. ಆಸ್ಪತ್ರೆಯ ಕೆಂಪು ಮೊಹರು, ಅದರ ಮೇಲೆ ಆರೋಗ್ಯ ಇಲಾಖೆಯದು, ಅದರ ಮೇಲೆ ವಿದೇಶಿಯರ ವ್ಯವಹಾರ ನೋಡುವ ಕಚೇರಿಯದು. ಎಲ್ಲ ಸರಿಯಾಗಿ ಬರುವಷ್ಟರಲ್ಲಿ ಡಿಸೆಂಬರ್ ಕಳೆಯಿತು.

ಎರಡನೇ ಸಲ ದೆಹಲಿಯ ಚೀನಾ ರಾಯಭಾರ ಕಚೇರಿಯಿಂದ ಪ್ರಶ್ನೆಗಳು ಬಂದವು. ಈ ವ್ಯಕ್ತಿ ರೋಗಿಗಳನ್ನು ಮುಟ್ಟುತ್ತಾರೆಯೆ? ಹಾಗಿದ್ದರೆ ಚಿಕಿತ್ಸೆ ಮಾಡಲು ಅಲ್ಲಿನ ಆರೋಗ್ಯ ಇಲಾಖೆಯ ಪರವಾನಗಿ ಬೇಕು, ಆ ಪರವಾನಗಿ ವೈದ್ಯರಿಗೆ ಮಾತ್ರ. ಮುಟ್ಟುವುದಿಲ್ಲವೆ? ಹಾಗಿದ್ದರೆ ಪಾಠ ಹೇಳುವ ಪರಿಣತರೆಂದು ತೋರಿಸಲು ಪದವಿ ಪತ್ರ ಬೇಕು. ದಾನಧರ್ಮದ ಕೆಲಸವೆ? ಹಾಗಿದ್ದರೆ ಕರೆಸಿಕೊಳ್ಳುವ ಸಂಸ್ಥೆ ಪೊಲೀಸ್ ಇಲಾಖೆಯಲ್ಲಿ ನೋಂದಾಯಿಸಿರಬೇಕು. ವೆನ್ ಮತ್ತು ಅವರ ನಾಲ್ವರು ಸ್ನೇಹಿತರು ಯಾವ ಸಂಸ್ಥೆಯೂ ಅಲ್ಲ. ರುದ್ರಮುನಿಯವರ ಬಳಿ ಇದ್ದದ್ದು ಆರು ತಿಂಗಳ ತರಬೇತಿಯ ಒಂದು ಹಳೆಯ ಕಾಗದ, ಟೈಪಾದ ಅಕ್ಷರಗಳು ಮಾಸಿ ಹೋಗಿದ್ದವು. ಅವಳು ಅದನ್ನೇ ಸ್ಕ್ಯಾನ್ ಮಾಡಿ, ಮೂವತ್ತೆಂಟು ವರ್ಷದ ಅನುಭವವೆಂದು ಎರಡು ಪುಟ ಬರೆದು ಕಳಿಸಿದಳು. ಫೆಬ್ರವರಿಯಲ್ಲಿ ಪಾಸ್‌ಪೋರ್ಟು ಒಂದು ಸಾಲಿನ ಚೀಟಿಯೊಂದಿಗೆ ಮರಳಿತು. ಯಾರೂ ಆಗುವುದಿಲ್ಲ ಎಂದಿರಲಿಲ್ಲ. ಪ್ರತಿಯೊಬ್ಬರೂ ಇನ್ನೊಬ್ಬರ ಬಾಗಿಲು ತೋರಿಸಿದ್ದರು, ಅಷ್ಟೆ.

ಆ ದಿನ ರಘುರಾಮ ತಮ್ಮ ಕುರ್ಚಿಯಿಂದಲೇ ಹೇಳಿದರು. ಉಡುಪಿ ಕಡೆಯವರು, ತಂದೆ ಇಲ್ಲೇ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಕ್ಯಾಶಿಯರ್ ಆಗಿದ್ದವರು. “ಎಂತಕ್ಕೆ ಒದ್ದಾಡುದು ಮಾರಾಯ್ತಿ? ಟೂರಿಸ್ಟ್ ಹಾಕು. ಒಂದು ವಾರದಲ್ಲಿ ಬರ್ತದೆ.”

ಶಿವರಂಜನಿಗೆ ಅದು ಹೊಳೆದಿರಲಿಲ್ಲವೆಂದಲ್ಲ. ಆಫೀಸಿನಲ್ಲಿ ಮಾಡುತ್ತಲೇ ಇದ್ದರು. ಮಗಳ ಬಾಣಂತನಕ್ಕೆ ಹೋಗುವವರು, ಯಂತ್ರ ನೋಡಲು ಹೋಗುವವರು, ಎಲ್ಲರೂ ಎಲ್ಲೋ ಒಂದು ಕಡೆ ಪ್ರವಾಸಿಗಳಾಗಿಯೇ ಹೋಗಿದ್ದರು. ಅಲ್ಲದೆ ಎರಡು ಸಲ ತನ್ನ ಅರ್ಜಿ ವಾಪಸು ಬಂದದ್ದು ಅವಳಿಗೆ ಕೊರೆಯುತ್ತಿತ್ತು. ಅವಳು ಹೊಸ ಅರ್ಜಿ ತುಂಬಿದಳು. ಭೇಟಿಯ ಉದ್ದೇಶ: ಪ್ರವಾಸ. ಗುಯಿಝೌ ಪ್ರಾಂತ್ಯದ ರಾಜಧಾನಿಯಲ್ಲಿ ಹೋಟೆಲು ಕಾದಿರಿಸಿ, ಒಂದು ಜಲಪಾತ, ಎರಡು ಗುಹೆ, ಒಂದು ಹಳೆಯ ಪೇಟೆ ಎಂದು ಮೂರು ವಾರದ ಪಟ್ಟಿ ಮಾಡಿದಳು.

ರುದ್ರಮುನಿಯವರು ಕನ್ನಡಕ ಹಾಕಿಕೊಂಡು ಬೆರಳಿಟ್ಟು ಒಂದೊಂದೇ ಸಾಲು ಓದಿದರು. ಆ ಸಾಲಿಗೆ ಬಂದಾಗ ಬೆರಳು ನಿಂತಿತು.

“ನಾನು ಊರು ನೋಡಕ್ಕೆ ಹೋಗ್ತಿಲ್ಲಮ್ಮ” ಎಂದರು.

ಅವಳು ವಿವರಿಸಿದಳು. ಇದು ಬರೀ ಒಂದು ಹೆಸರು, ಎಲ್ಲರೂ ಹೀಗೇ ಹೋಗುತ್ತಾರೆ, ಅಲ್ಲಿ ಯಾರೂ ಕೇಳುವುದಿಲ್ಲ ಎಂದಳು. ಅವರು ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡು, ಮನೆಯಲ್ಲಿ ಯೋಚಿಸಿ ಹೇಳುತ್ತೇನೆಂದು ಎದ್ದರು. ನಾಲ್ಕು ದಿನ ಬಿಟ್ಟು ಬಂದವರು, ಸುಳ್ಳು ಬರೆದು ಹೋಗಲು ಮನಸ್ಸು ಬರುತ್ತಿಲ್ಲ, ವೆನ್ ಅವರಿಗೆ ಕ್ಷಮಿಸಿ ಎಂದು ಬರೆದುಬಿಡು ಎಂದರು.

ಅವಳು ಕಂಪ್ಯೂಟರಿನ ಪರದೆಯನ್ನು ಅವರ ಕಡೆ ತಿರುಗಿಸಿದಳು. ವೆನ್ ಆ ವಾರ ಹೊಸ ಫೋಟೋ ಕಳಿಸಿದ್ದರು. ಅಕ್ಟೋಬರಿನ ಪಾದ ಒಂದು ಪಕ್ಕ, ಅದೇ ಮಗುವಿನ ಈಗಿನ ಪಾದ ಇನ್ನೊಂದು ಪಕ್ಕ. ಆಗ ತೊಟ್ಟಿಲಲ್ಲಿದ್ದ ಮಗು ಈಗ ಗೋಡೆ ಹಿಡಿದು ನಿಲ್ಲಲು ನೋಡುತ್ತಿತ್ತು. ನಿಲ್ಲುತ್ತಿದ್ದದ್ದು ಪಾದದ ಅಂಚಿನ ಮೇಲೆ. ಅಲ್ಲಿನ ಚರ್ಮ ಆಗಲೇ ದಪ್ಪವಾಗಿತ್ತು.

“ನೀವು ಸತ್ಯ ಬರೀಬೇಕು ಅಂತ ಕೂತ್ರೆ ಈ ಕಾಲು ಕಾಯುತ್ತಾ ಸಾರ್?” ಎಂದಳು.

ರುದ್ರಮುನಿಯವರು ಬಹಳ ಹೊತ್ತು ಆ ಫೋಟೋ ನೋಡಿದರು. ಆಮೇಲೆ ಪೆನ್ನು ಕೇಳಿ ಸಹಿ ಹಾಕಿದರು.

ವೀಸಾ ಎಂಟು ದಿನದಲ್ಲಿ ಬಂತು. ಹೊರಡುವ ಹಿಂದಿನ ದಿನ ಅವರು ಚೀಲದಲ್ಲಿ ಇಟ್ಟುಕೊಂಡಿರುವುದನ್ನೆಲ್ಲ ಫೋನಿನಲ್ಲಿ ಹೇಳಿದಾಗ, ಪ್ಲಾಸ್ಟರ್ ಕತ್ತರಿಸುವ ಕತ್ತರಿಯನ್ನೂ ಹತ್ತಿ ಸುರುಳಿಗಳನ್ನೂ ತೆಗೆದಿಡಿ ಎಂದು ಅವಳೇ ಹೇಳಿದಳು. ಊರು ನೋಡಲು ಹೋಗುವವರಿಗೆ ಅದೆಲ್ಲ ಯಾಕೆಂದು ಕಸ್ಟಮ್ಸಿನವರು ಕೇಳಬಹುದು. ಅವರು ಸರಿ ಎಂದರು. ಮಾರ್ಚ್ ಕೊನೆಯ ವಾರ ಬ್ಯಾಂಕಾಕ್ ಮೂಲಕ ಹೊರಟರು.

ಹೊರಟ ಮೇಲೆ ಅವರ ಸುದ್ದಿಯಿಲ್ಲ. ನಮ್ಮ ಫೋನಿನ ಆ್ಯಪುಗಳು ಅಲ್ಲಿ ನಡೆಯುವುದಿಲ್ಲ, ಅವರ ಆ್ಯಪು ಇಲ್ಲಿ ನಿಷಿದ್ಧ. ವೆನ್ ಅವರ ಇಮೇಲೇ ಗತಿ, ಅದು ಬರುವುದು ಶಿವರಂಜನಿಗೆ. ರುದ್ರಮುನಿಯವರ ಹೆಂಡತಿ ಶಂಕ್ರಮ್ಮ ದಿನಕ್ಕೆರಡು ಸಲ ಫೋನು ಮಾಡಿ ಸುದ್ದಿ ಕೇಳುತ್ತಿದ್ದರು. ಅವರು ಗಂಡನನ್ನು ಬಿಟ್ಟು ಒಂದು ವಾರ ಇದ್ದವರಲ್ಲ.

ಮೂರನೇ ದಿನ ಅವಳು ತೆರೆದ ಇಮೇಲು ಸಂತೋಷದ್ದೇ ಆಗಿತ್ತು. ಗುರುಗಳು ಸುಖವಾಗಿ ತಲುಪಿದ್ದಾರೆ. ನಮ್ಮ ಊರಿನ ಎರಡು ಹೋಟೆಲಿನವರೂ ವಿದೇಶಿಯರನ್ನು ಇಟ್ಟುಕೊಳ್ಳುವ ಹಾಗಿಲ್ಲವೆಂದರು, ಹಾಗಾಗಿ ನಮ್ಮ ಮನೆಯಲ್ಲೇ ಇದ್ದಾರೆ. ವಿದೇಶಿಯರು ಮನೆಯಲ್ಲಿ ಉಳಿದರೆ ಇಪ್ಪತ್ತನಾಲ್ಕು ಗಂಟೆಯೊಳಗೆ ಪೊಲೀಸ್ ಠಾಣೆಯಲ್ಲಿ ಬರೆಸಬೇಕು, ನಾಳೆ ಬೆಳಿಗ್ಗೆ ಕರೆದುಕೊಂಡು ಹೋಗುತ್ತೇನೆ.

ಶಿವರಂಜನಿ ಅದನ್ನು ಎರಡು ಸಲ ಓದಿದಳು. ಅವಳು ಕಾದಿರಿಸಿದ್ದ ಹೋಟೆಲು ಅಲ್ಲಿಂದ ನಾಲ್ಕು ಗಂಟೆಯ ದಾರಿ. ಠಾಣೆಗೆ ಹೋಗಬೇಡಿ, ರಾಜಧಾನಿಗೆ ಹಿಂತಿರುಗಿ ಎಂದು ಬರೆಯಲು ಹೊರಟು, ಇಮೇಲ್ ಬಂದ ಹೊತ್ತು ನೋಡಿದಳು. ಹಿಂದಿನ ದಿನದ್ದು. ಅಷ್ಟರಲ್ಲಿ ಅವರು ಹೋಗಿ ಬಂದಿರಬೇಕು. ಆದರೂ ಬರೆದಳು. ಉತ್ತರ ಬರಲಿಲ್ಲ. ನಾಲ್ಕನೇ ದಿನ ಇಲ್ಲ, ಐದನೇ ದಿನ ಇಲ್ಲ. ಏನೂ ತಿಳಿಯದೆ ಒಂದು ವಾರ ಕಳೆಯಿತು. ಫೋನಿನಲ್ಲಿ ಅವಳು ಶಂಕ್ರಮ್ಮನಿಗೆ ಅಲ್ಲಿ ನೆಟ್‌ವರ್ಕ್ ಕಡಿಮೆ ಎನ್ನುತ್ತಿದ್ದಳು. ಒಂದು ದಿನ ಶಂಕ್ರಮ್ಮನೇ ಪಲ್ಲಾವರಂನಿಂದ ಟ್ರೇನು ಹತ್ತಿ ಬಂದು, ಆ ಮೆಟ್ಟಿಲುಗಳನ್ನೆಲ್ಲ ಏರಿ, ಉಸಿರು ಬಿಡುತ್ತ ಅವಳ ಎದುರು ನಿಂತರು.

“ಅವತ್ತು ಆ ಅರ್ಜಿ ಹಿಡ್ಕಂಡು ಅವರು ಬ್ಯಾಡ ಅಂತ ವಾಪಸ್ ಬಂದ್ರು. ನಾಲ್ಕು ದಿನ ಸರಿಯಾಗಿ ಉಣ್ಣಲಿಲ್ಲ. ನೀನೇ ಹೇಳಿ ಕಳಿಸ್ದೆ ಅಲ್ಲೇನವ್ವಾ?”

ಆಫೀಸಿನವರೆಲ್ಲ ತಿರುಗಿ ನೋಡಿದರು. ಶಿವರಂಜನಿ ಹೌದು ಎಂದಳು. ಅವಳು ಕೊಟ್ಟ ನೀರನ್ನು ಶಂಕ್ರಮ್ಮ ಕುಡಿಯದೆ ಹೋದರು.

ಅದಾಗಿ ಎರಡು ದಿನಕ್ಕೆ ರುದ್ರಮುನಿಯವರು ಬ್ಯಾಂಕಾಕ್ ವಿಮಾನ ನಿಲ್ದಾಣದಿಂದ ಯಾರದೋ ಫೋನಿನಲ್ಲಿ ಮನೆಗೆ ಕರೆ ಮಾಡಿ ಬರುತ್ತಿದ್ದೇನೆ ಎಂದರು. ಹೋಗಿ ಹದಿಮೂರು ದಿನವಾಗಿತ್ತು. ಬಂದ ಒಂದು ವಾರದ ಮೇಲೆ ಅವರಾಗಿಯೇ ಆಫೀಸಿಗೆ ಬಂದರು. ಶಿವರಂಜನಿ ಅವರನ್ನು ಕೆಳಗಿನ ಬೀದಿಯ ಒಂದು ಕಾಫಿ ಅಂಗಡಿಗೆ ಕರೆದುಕೊಂಡು ಹೋದಳು. ಅಲ್ಲಿ ಕೂತು ಅವರು ನಡೆದದ್ದನ್ನು ಹೇಳಿದರು, ಏರಿಳಿತವಿಲ್ಲದ ದನಿಯಲ್ಲಿ.

ಠಾಣೆಯಲ್ಲಿ ಇವರು ಇಲ್ಲಿಗೆ ಯಾಕೆ ಬಂದಿದ್ದಾರೆಂದು ಕೇಳಿದಾಗ ವೆನ್ ಇದ್ದದ್ದನ್ನೇ ಹೇಳಿದ್ದರು. ವೀಸಾದ ಮೇಲೆ ಬೇರೆ ಏನೋ ಇದೆಯೆಂದು ಅವರಿಗೆ ಗೊತ್ತೇ ಇರಲಿಲ್ಲ. ತಾವು ಕಳಿಸಿದ ಆಹ್ವಾನದ ಮೇಲೇ ಬಂದಿದ್ದಾರೆಂದು ತಿಳಿದಿದ್ದರು. ಪೊಲೀಸಿನವನು ಬರೆದುಕೊಂಡು, ಚಹಾ ಕೊಟ್ಟು ಕಳಿಸಿದ. ಆಮೇಲಿನ ದಿನಗಳಲ್ಲಿ ಆರು ಮಕ್ಕಳಿಗೂ ಮೊದಲ ಕಟ್ಟು ಹಾಕಿದ್ದಾಯಿತು, ಆ ಗಡಿಬಿಡಿಯಲ್ಲಿ ವೆನ್ ಇಮೇಲು ತೆರೆಯಲೇ ಇಲ್ಲ. ಎಲ್ಲರಿಗಿಂತ ದೊಡ್ಡದು ಮೂರೂವರೆ ವರ್ಷದ ಹುಡುಗಿ. ಗುಡ್ಡದ ಮೇಲಿನ ಊರಿನಿಂದ ಅವಳ ಅಜ್ಜಿ ಬೆನ್ನ ಮೇಲೆ ಕಟ್ಟಿಕೊಂಡು ತಂದಿದ್ದಳು. ಅವಳ ಪಾದ ಗಟ್ಟಿ, ಆದರೂ ಬರುತ್ತದೆ ಎಂದು ಹೆಬ್ಬೆರಳಿಗೆ ತಿಳಿಯಿತು.

ಏಳನೇ ದಿನ ಪೊಲೀಸರ ದೊಡ್ಡ ಕಚೇರಿಯಿಂದ ಇಬ್ಬರು ಬಂದರು. ರುದ್ರಮುನಿಯವರನ್ನು ಒಂದು ಕೋಣೆಯಲ್ಲಿ ಕೂರಿಸಿ, ಫೋನಿನಲ್ಲಿ ಮಾತನ್ನು ಭಾಷಾಂತರ ಮಾಡಿಸಿಕೊಂಡು, ಬೆಳಿಗ್ಗೆಯಿಂದ ಸಂಜೆಯವರೆಗೆ ಅವೇ ಪ್ರಶ್ನೆಗಳನ್ನು ಕೇಳಿದರು. ಬೈಯಲಿಲ್ಲ, ದನಿ ಏರಿಸಲಿಲ್ಲ, ಮಧ್ಯಾಹ್ನ ಮಾಂಸ ಹಾಕದ ಅನ್ನ ತರಿಸಿಕೊಟ್ಟರು. ಅರ್ಜಿಯ ಪ್ರತಿ ಅವರ ಹತ್ತಿರ ಇತ್ತು. ಇದು ನಿಮ್ಮ ಸಹಿಯೆ? ಹೌದು. ಪ್ರವಾಸ ಎಂದು ಬರೆದಿದೆ, ನೀವು ಮಾಡುತ್ತಿರುವುದು ಪ್ರವಾಸವೆ? ಅಲ್ಲ.

“ಕೊನೇ ಪುಟದಾಗೆ ಒಂದು ಕಡೆ ಖಾಲಿ ಬಿಟ್ಟಿತ್ತು ನೋಡು. ಈ ಅರ್ಜಿ ಬೇರೆಯವರು ತುಂಬಿದ್ರೆ ಅವರ ಹೆಸ್ರು, ಸಹಿ ಅಂತ. ಅದು ಯಾರು ತುಂಬಿದ್ದು ಅಂತ ಕೇಳಿದ್ರು.”

ಶಿವರಂಜನಿ ಲೋಟ ಕೆಳಗಿಟ್ಟಳು. ಆ ಜಾಗವನ್ನು ಹನ್ನೊಂದು ವರ್ಷದಲ್ಲಿ ಅವಳು ಒಮ್ಮೆಯೂ ತುಂಬಿರಲಿಲ್ಲ. ಆಫೀಸಿನ ಪದ್ಧತಿ ಹಾಗಿತ್ತು.

“ನಾನೇ ಅಂದೆ” ಎಂದರು ರುದ್ರಮುನಿ. “ಅವರು ನಂಬ್ಲಿಲ್ಲ. ಇಂಗ್ಲಿಷಿನಾಗೆ ಒಂದು ಪ್ಯಾರಾ ಓದಿಸಿದ್ರು. ತಡವರಿಸಿ ತಡವರಿಸಿ ಓದಿದೆ. ಆದ್ರೂ ನಾನೇ ಅಂದೆ.”

“ನನ್ನ ಹೆಸರು ಹೇಳಬಹುದಿತ್ತಲ್ಲ ಸಾರ್.”

“ಬರ್ದಿದ್ದು ನೀನು, ಸಹಿ ಹಾಕಿದ್ದು ನಾನು. ಹೆಬ್ಬೆಟ್ಟು ಒತ್ತೋನಲ್ಲಮ್ಮ ನಾನು, ಓದಿಯೇ ಹಾಕ್ದೆ. ನಿನ್ನ ಹೆಸರು ಅಲ್ಲಿ ಯಾಕೆ ಬೇಕಿತ್ತು?”

ಅವರು ಲೋಟ ಪಕ್ಕಕ್ಕೆ ಸರಿಸಿ ಮುಂದಿನದನ್ನು ಹೇಳಿದರು. ಪರವಾನಗಿ ಇಲ್ಲದವರು ಮಾಡಿದ ಚಿಕಿತ್ಸೆ ಇಟ್ಟುಕೊಳ್ಳುವಂತಿಲ್ಲವೆಂದು ಆಸ್ಪತ್ರೆಯ ಮೇಲಧಿಕಾರಿ ಆದೇಶ ಮಾಡಿದ. ಆರೂ ಕಟ್ಟುಗಳನ್ನು ಅದೇ ಸಂಜೆ ಬಿಚ್ಚಿಸಿದರು. ಹಸಿ ಮಾಡಿ ನೆನೆಸಿ ಬಿಚ್ಚಿದರೆ ಮಕ್ಕಳಿಗೆ ಹೆದರಿಕೆಯಾಗುವುದಿಲ್ಲ. ದಾದಿಯರಿಗೆ ಅದಿನ್ನೂ ತಿಳಿದಿರಲಿಲ್ಲ, ಗರಗಸದ ಯಂತ್ರ ಹಿಡಿದರು. ಇವರನ್ನು ಒಳಗೆ ಬಿಡಲಿಲ್ಲ. ಮೊಗಸಾಲೆಯ ಬೆಂಚಿನ ಮೇಲೆ ಕೂತು ಆ ಸದ್ದನ್ನೂ ಮಕ್ಕಳ ಅಳುವನ್ನೂ ಕೇಳಿಸಿಕೊಂಡರು. ನೀರು ಹಾಕಿ, ನೀರು ಹಾಕಿ ಎಂದು ಕನ್ನಡದಲ್ಲೂ ತಮಿಳಿನಲ್ಲೂ ಹೇಳಿದರಂತೆ. ಯಾರಿಗೂ ತಿಳಿಯಲಿಲ್ಲ. ವೆನ್ ಅವರನ್ನು ಬೇರೆ ಎಲ್ಲೋ ಕೂರಿಸಿದ್ದರು. ಆಮೇಲೆ ಕೆಲವು ದಿನ ಒಂದು ವಸತಿಗೃಹದಲ್ಲಿ ಕಾಯಿಸಿ, ಐದು ವರ್ಷ ಈ ದೇಶಕ್ಕೆ ಬರುವಂತಿಲ್ಲವೆಂದು ಬರೆದುಕೊಟ್ಟು ವಿಮಾನ ಹತ್ತಿಸಿದರು.

“ಅವರದ್ದೇನು ತಪ್ಪಿಲ್ಲ. ಕಾಗದದಾಗೆ ಒಂದು, ಕಣ್ಣಿಗೆ ಕಾಣೋದು ಒಂದು. ನಾನಾದ್ರೂ ಕೇಳ್ತಿದ್ದೆ” ಎಂದರು. ಅವರು ಬಂದದ್ದು ದೂರಲಿಕ್ಕಲ್ಲ. ಬಿಚ್ಚಿದ ಮೇಲೆ ಮಕ್ಕಳ ಕಾಲು ಊದಿದೆಯೇ, ಚರ್ಮ ಸುಲಿದಿದೆಯೇ ಎಂದು ವೆನ್ ಅವರಿಗೆ ಬರೆದು ಕೇಳಿಸಬೇಕಿತ್ತು.

ಆ ಇಮೇಲಿಗೆ ಉತ್ತರ ಮೇ ತಿಂಗಳಲ್ಲಿ ಬಂತು, ಬೇರೊಂದು ವಿಳಾಸದಿಂದ. ಮಕ್ಕಳ ವಿಷಯ ಎರಡೇ ಸಾಲು, ಸದ್ಯಕ್ಕೆ ತಾನು ನೋಡುವಂತಿಲ್ಲ ಎಂದು. ವೆನ್ ಅವರನ್ನು ಕೆಲಸದಿಂದ ದೂರ ಇರಿಸಿ ವಿಚಾರಣೆ ನಡೆಸುತ್ತಿದ್ದರು. ವಿದೇಶಿಯೊಬ್ಬನನ್ನು ಬೇಕೆಂದೇ ಸುಳ್ಳು ವೀಸಾದ ಮೇಲೆ ಕರೆಸಿಕೊಂಡರೆಂಬ ಆರೋಪ. ತಾನು ನ್ಯಾಯವಾದ ಆಹ್ವಾನವನ್ನೇ ಕಳಿಸಿದ್ದೆ, ಉದ್ದೇಶ ಬದಲಾದದ್ದು ಭಾರತದಲ್ಲಿ, ತನಗೆ ತಿಳಿಸದೆ, ಎಂದು ಬಲ್ಲವರು ಯಾರಾದರೂ ಬರೆದುಕೊಟ್ಟರೆ ಉಪಕಾರವಾಗುತ್ತದೆ. ಗುರುಗಳಿಗೆ ಇದರಿಂದ ತೊಂದರೆಯಾಗುವುದಾದರೆ ಬೇಡ.

ರುದ್ರಮುನಿಯವರನ್ನು ಬಿಟ್ಟರೆ ಅದನ್ನು ಬರೆದುಕೊಡಬಲ್ಲವಳು ಅವಳೊಬ್ಬಳೇ.

ಅವಳು ಅಂದು ವೆಸ್ಟ್ ಮಾಂಬಲಂನ ಮನೆಗೆ ಹೋಗಿ ಗಂಡ ರವಿಶಂಕರನಿಗೆ ಹೇಳಿದಳು. ಅವನು ಒಳ್ಳೆಯವನೇ, ಹೆದರುವವನು. ಚೀನಾದವರ ಫೈಲಿನಲ್ಲಿ ನಿನ್ನ ಹೆಸರು ಹೋದರೆ ನಾಳೆ ನಮ್ಮ ಪೊಲೀಸರೂ ಬಂದು ಕೇಳುತ್ತಾರೆ, ಯಾರೋ ಕಾಣದ ಡಾಕ್ಟರಿಗಾಗಿ ಇದೆಲ್ಲ ಯಾಕೆ ಎಂದ. ಅವಳು ವಾದ ಮಾಡಲಿಲ್ಲ. ಅವಳಿಗೆ ನೆನಪಾಗುತ್ತಿದ್ದದ್ದು ಡಾಕ್ಟರಲ್ಲ. ಸುಳ್ಳು ಬರೆಯಲು ಒಪ್ಪದ ಮನುಷ್ಯನಿಂದ ತಾನು ಒಂದು ಸುಳ್ಳಿಗೆ ಸಹಿ ಹಾಕಿಸಿದ್ದಳು, ಎರಡನೆಯದನ್ನು ಅವರು ತನಗಾಗಿ ತಾವಾಗಿಯೇ ಹೇಳಿದ್ದರು. ಮೊದಲನೆಯದನ್ನು ಮಕ್ಕಳ ಕಾಲಿನ ಹೆಸರಿನಲ್ಲಿ ಸಮರ್ಥಿಸಿಕೊಂಡಿದ್ದಳು. ಎರಡನೆಯದಕ್ಕೆ ಅವಳಲ್ಲಿ ಏನೂ ಇರಲಿಲ್ಲ.

ರಘುರಾಮ ಅವರ ಹತ್ತಿರ ಆಫೀಸಿನ ಕಾಗದದ ಮೇಲೆ ಬರೆದುಕೊಡಲು ಕೇಳಿದಳು. ಅವರು ಕೈಲಿದ್ದ ಪೆನ್ನು ಕೆಳಗಿಟ್ಟರು. ಈ ಆಫೀಸಿನಿಂದ ಎಂಟು ಮನೆ ನಡೆಯುತ್ತಿವೆ, ಸುಳ್ಳು ಉದ್ದೇಶ ಬರೆಯುತ್ತೇವೆಂದು ನಾವೇ ಒಪ್ಪಿಕೊಂಡರೆ ನಾಳೆ ಯಾವ ದೇಶದವರು ನಮ್ಮ ಅರ್ಜಿ ತೆಗೆದುಕೊಳ್ಳುತ್ತಾರೆ ಎಂದರು. ಹಾಗಾದರೆ ನನ್ನ ಹೆಸರಿನಲ್ಲೇ ಬರೆಯುತ್ತೇನೆ ಎಂದಳು. ಟೂರಿಸ್ಟ್ ಹಾಕು ಎಂದು ನೀವು ಹೇಳಿದ್ದನ್ನು ಬರೆಯುವುದಿಲ್ಲ, ತುಂಬಿದ್ದು ನಾನೇ ಎಂದೂ ಹೇಳಿದಳು.

“ನೀನು ಮಾಡುದು ಸರಿಯೇ ಇರ್ಬಹುದು” ಎಂದರು ಅವರು. “ಆದ್ರೆ ಇಲ್ಲಿ ಕೂತುಕೊಂಡು ಮಾಡ್ಲಿಕ್ಕೆ ಆಗುದಿಲ್ಲ ಮಾರಾಯ್ತಿ.”

ತಿಂಗಳ ಕೊನೆಯವರೆಗೆ ಇದ್ದು, ಬಾಕಿ ಇದ್ದ ಅರ್ಜಿಗಳನ್ನು ಮುಗಿಸಿ, ಅವಳು ಹೊರಬಿದ್ದಳು.

ಬರೆದುಕೊಡುವುದೂ ಸುಲಭವಾಗಿರಲಿಲ್ಲ. ನೋಟರಿ ಮಾಡಿಸಿ, ಸೆಕ್ರೆಟರಿಯೇಟಿನಲ್ಲಿ ರಾಜ್ಯ ಸರ್ಕಾರದ ಮೊಹರು ಹಾಕಿಸಿ, ಆಮೇಲೆ ವಿದೇಶಾಂಗ ಖಾತೆಯ ಮುದ್ರೆ ಬೀಳಬೇಕು. ಆಗಲೇ ಚೀನಾದಲ್ಲಿ ಅದಕ್ಕೆ ಬೆಲೆ. ಶಿವರಂಜನಿ ಬೇರೆಯವರಿಗಾಗಿ ಇವನ್ನೆಲ್ಲ ನೂರು ಸಲ ಮಾಡಿಸಿದವಳು, ಆದರೆ ಫೈಲು ಹೊತ್ತು ಸಾಲಿನಲ್ಲಿ ನಿಂತವಳಲ್ಲ. ಮೊದಲ ದಿನ ಕೌಂಟರಿನವನು ಇದು ಹುಟ್ಟಿನ ಪತ್ರವೂ ಅಲ್ಲ, ಮದುವೆಯದೂ ಅಲ್ಲ, ಇಂಥದಕ್ಕೆ ಮೊಹರು ಹಾಕಲು ನಿಯಮ ಇದೆಯೇ ನೋಡಬೇಕು ಎಂದು ವಾಪಸು ಕಳಿಸಿದ. ಎರಡನೇ ದಿನ ನೋಡಬೇಕಾದ ಅಧಿಕಾರಿ ರಜೆಯಲ್ಲಿದ್ದ. ಚೀನಾಕ್ಕೆ ಯಾಕೆ ಕಳಿಸುತ್ತಿದ್ದೀರಿ ಎಂದು ಒಬ್ಬ ಕೇಳಿದ. ಇದ್ದದ್ದನ್ನು ಹೇಳಿದಳು. ಅವನು ಅವಳ ಮುಖವನ್ನೊಮ್ಮೆ ನೋಡಿ, ಮೇಲಿನವರನ್ನು ಕೇಳಿ ಬರುತ್ತೇನೆಂದು ಹೋದವನು ಊಟದ ಹೊತ್ತಿನ ತನಕ ಬರಲಿಲ್ಲ.

ಮೂರನೇ ಸಲ ಹೋದಾಗ ಶಂಕ್ರಮ್ಮ ಗೇಟಿನ ಹತ್ತಿರ ನಿಂತಿದ್ದರು. ಯಾರು ಹೇಳಿದರೋ, ಗಂಡನೇ ಹೇಳಿರಬೇಕು. ಕೈಯಲ್ಲಿ ಬುತ್ತಿಯ ಚೀಲ. ಅವಳನ್ನು ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ, ಅವಳು ಕೇಳಲೂ ಇಲ್ಲ. ಇಬ್ಬರೂ ಪಕ್ಕಪಕ್ಕ ಬೆಂಚಿನ ಮೇಲೆ ಕೂತು ಟೋಕನ್ ಕಾದರು. ಮಧ್ಯಾಹ್ನ ಶಂಕ್ರಮ್ಮ ಡಬ್ಬಿ ಬಿಚ್ಚಿ ಮೊಸರನ್ನವನ್ನು ಎರಡು ಪಾಲು ಮಾಡಿದರು.

“ಮೂಲೆನಾಗೆ ಕುಂತು ತಮ್ಮ ಕೈ ತಾವೇ ನೋಡ್ಕಂತಾರೆ” ಎಂದರು. “ಆರು ಮಕ್ಕಳಿಗೆ ಕಟ್ಟು ಹಾಕಿ ಬಿಚ್ಚಿಸಿಬಿಟ್ನಲ್ಲಾ ಅಂತಾರೆ. ನಾನೇನು ಹೇಳ್ಲಿ ಅವ್ವಾ ಅದಕ್ಕೆ.”

ಶಿವರಂಜನಿ ತನ್ನ ಪಾಲನ್ನು ಪೂರ್ತಿ ತಿಂದಳು.

ಎಲ್ಲ ಮೊಹರೂ ಬೀಳಲು ಇಪ್ಪತ್ತಾರು ದಿನ ಹಿಡಿಯಿತು. ಅವಳು ಬರೆದಿದ್ದು ಒಂದೇ ಪುಟ. ಅರ್ಜಿಯನ್ನು ತುಂಬಿದವಳು ನಾನು. ಪ್ರವಾಸ ಎಂದು ಬರೆದವಳು ನಾನು. ಅರ್ಜಿದಾರರು ಅದಕ್ಕೆ ಮೊದಲು ಒಪ್ಪಿರಲಿಲ್ಲ, ನನ್ನ ಒತ್ತಾಯಕ್ಕೆ ಸಹಿ ಹಾಕಿದರು. ಡಾಕ್ಟರ್ ವೆನ್ ಅವರಿಗೆ ಇದು ತಿಳಿದಿರಲಿಲ್ಲ. ಅವರು ಕಳಿಸಿದ್ದ ಎರಡು ಆಹ್ವಾನಪತ್ರಗಳ ಪ್ರತಿ ಲಗತ್ತಿಸಿದೆ. ರುದ್ರಮುನಿಯವರಿಗೆ ಓದಿ ಹೇಳಿದಾಗ, ಒತ್ತಾಯಕ್ಕೆ ಎಂಬ ಪದ ತೆಗೆ ಎಂದರು. ಅವಳು ತೆಗೆಯಲಿಲ್ಲ.

ಕೊರಿಯರಿನಲ್ಲಿ ಹೋದ ಆ ಕಾಗದ ತಲುಪಿತೆಂದು ತಿಳಿದದ್ದು ಆಗಸ್ಟಿನಲ್ಲಿ. ಪೂರ್ತಿ ಸುದ್ದಿ ಬಂದದ್ದು ನವೆಂಬರಿನಲ್ಲಿ. ಆ ಹೊತ್ತಿಗೆ ಶಿವರಂಜನಿ ಮಾಂಬಲಂ ಸ್ಟೇಷನ್ನಿನ ಹತ್ತಿರದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಆಧಾರ್, ರೇಷನ್ ಕಾರ್ಡಿನ ಅರ್ಜಿಗಳನ್ನು ತುಂಬಿಕೊಡುತ್ತಿದ್ದಳು. ಇಮೇಲನ್ನು ಅಚ್ಚು ಹಾಕಿಕೊಂಡು ಭಾನುವಾರ ಪಲ್ಲಾವರಂಗೆ ಹೋದಳು.

ರುದ್ರಮುನಿಯವರು ಕುರ್ಚಿ ಎಳೆದುಕೊಂಡು ಎದುರು ಕೂತರು. ಶಂಕ್ರಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತರು. ಶಿವರಂಜನಿ ಒಂದೊಂದೇ ವಾಕ್ಯ ಕನ್ನಡ ಮಾಡುತ್ತ ಓದಿದಳು. ವಿಚಾರಣೆ ಮುಗಿದಿದೆ. ವಂಚನೆಯ ಆರೋಪ ಕೈಬಿಟ್ಟಿದ್ದಾರೆ, ಎಚ್ಚರ ವಹಿಸಲಿಲ್ಲವೆಂಬ ಛೀಮಾರಿ ದಾಖಲಾಗಿದೆ. ವೆನ್ ಅವರನ್ನು ಇನ್ನೂ ಸಣ್ಣದೊಂದು ಊರಿನ ಚಿಕಿತ್ಸಾಲಯಕ್ಕೆ ವರ್ಗ ಮಾಡಿದ್ದಾರೆ, ಅಲ್ಲಿ ಜ್ವರ, ಕೆಮ್ಮು ನೋಡುತ್ತಾರೆ. ಆರರಲ್ಲಿ ಮೂರು ಮಕ್ಕಳ ತಾಯಂದಿರು ಅಲ್ಲಿಗೇ ಹುಡುಕಿಕೊಂಡು ಬಂದರು. ಕಲಿತಷ್ಟರಲ್ಲೇ ವೆನ್ ಕಟ್ಟು ಹಾಕಿದರು, ಪ್ರತಿ ವಾರ ನೀರಿನಲ್ಲಿ ನೆನೆಸಿಯೇ ಬಿಚ್ಚಿದರು. ಇಬ್ಬರ ಪಾದ ನೆಲಕ್ಕೆ ಬಂದಿದೆ, ಒಂದು ಅರ್ಧಕ್ಕೆ ನಿಂತಿದೆ. ಇನ್ನಿಬ್ಬರನ್ನು ರಾಜಧಾನಿಗೆ ಕಳಿಸಿ ಶಸ್ತ್ರಚಿಕಿತ್ಸೆ ಮಾಡಿಸಿದ್ದಾರೆ. ಆ ಪಾದಗಳು ನೆಟ್ಟಗಾಗುತ್ತವೆ, ಆದರೆ ಬಿಗಿಯಾಗಿಯೇ ಉಳಿಯುತ್ತವೆ.

“ಇನ್ನೊಂದು?” ಎಂದರು ರುದ್ರಮುನಿ. ಅವರು ಎಣಿಸುತ್ತಿದ್ದರು.

ಮೂರೂವರೆ ವರ್ಷದ ಹುಡುಗಿಯ ಅಜ್ಜಿ ಅದೇ ಸಂಜೆ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಹೋದವಳು ಮತ್ತೆ ಬರಲಿಲ್ಲ. ಫೋನು ಇಲ್ಲ. ಯಾರೂ ನೋಡಿಲ್ಲ. ಶಿವರಂಜನಿ ಅದನ್ನು ಓದಿದಳು. ಅವರು ಇನ್ನೊಮ್ಮೆ ಓದು ಎಂದರು, ಓದಿದಳು.

ರುದ್ರಮುನಿಯವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆ ಊರಿನ ಹೆಸರು ಏನಂತೆ ಕೇಳಿ ಬರಿ, ಅಲ್ಲಿಯ ಶಾಲೆಯ ಮೇಷ್ಟರಿಗೋ ಅಂಗಡಿಯವನಿಗೋ ಒಂದು ಕಾಗದ ಹಾಕಲು ಆಗುತ್ತದೆಯೇ ನೋಡೋಣ, ಅವಳಿಗೀಗ ನಾಲ್ಕು ತುಂಬಿರುತ್ತದೆ, ಇನ್ನೂ ಹೊತ್ತು ಮೀರಿಲ್ಲ ಎಂದರು. ಶಿವರಂಜನಿ ಅಲ್ಲೇ ಫೋನು ತೆಗೆದು ವೆನ್ ಅವರಿಗೆ ಬರೆದಳು.

ಡಿಸೆಂಬರ್ ಬಂದಿದೆ. ಭಾನುವಾರ ಅವಳು ಹೋದಾಗಲೆಲ್ಲ ಅವರು ಬಾಯಿಬಿಟ್ಟು ಕೇಳುವುದಿಲ್ಲ, ಮುಖ ನೋಡುತ್ತಾರೆ. ಉತ್ತರ ಇನ್ನೂ ಬಂದಿಲ್ಲ ಸಾರ್ ಎನ್ನುತ್ತಾಳೆ ಅವಳು.